ನಾಲ್ಕು ಗಜ್ಜರಿ

ತಾಷ್ಕೆಂಟಿನ ಅಂಚು. ಬಸ್ಸು ಹಿಂತಿರುಗುವ ಕೊನೆಯ ನಿಲ್ದಾಣ.
ಅಲ್ಲಿಂದಾಚೆ ಬರೀ ಹತ್ತಿಹೊಲ.
ಅಜ್ಜಿ ಗಜ್ಜರಿ ಹೆಚ್ಚುತ್ತಿದ್ದಾಳೆ.
ತುರಿಯುವುದಿಲ್ಲ, ತುರಿದರೆ ಅದರ ಬೆನ್ನುಮೂಳೆ ಮುರಿಯುತ್ತದಂತೆ.
ಚಾಕುವಿನಲ್ಲೇ, ಉದ್ದುದ್ದ,
ಬೆಂಕಿಕಡ್ಡಿಗಿಂತ ಸಪೂರ.

ಪಾಸ್‌ಪೋರ್ಟಿನಲ್ಲಿ ಅವಳು ಅಗ್ರಿಪಿನಾ ನಿಗಾಯ್.
ಹುಟ್ಟಿದಾಗ ಇಟ್ಟದ್ದು ಸುನೊಕ್.
ಹಾಗೆ ಕರೆಯುವವರು ಈಗ ಯಾರೂ ಉಳಿದಿಲ್ಲ.
ನನಗೆ ಅಮೇ. ಇಲ್ಲಿನ ಕೊರಿಯನ್ನರ ಬಾಯಲ್ಲಿ
ಅಜ್ಜಿಗೆ ಹಾಗೇ.

ಉಪ್ಪು ಬೆರೆಸಿ ಹಿಂಡು, ಎನ್ನುತ್ತಾಳೆ.
ಅಳುವಷ್ಟು ಬೇಡ, ಬೆವರಿದರೆ ಸಾಕು.
ಬೆಳ್ಳುಳ್ಳಿ, ಕೆಂಪು ಖಾರ, ಕುಟ್ಟಿದ ಕೊತ್ತಂಬರಿ ಬೀಜ
ನಡುವೆ ಗುಡ್ಡೆ ಹಾಕಿ,
ಹತ್ತಿಕಾಳೆಣ್ಣೆ ಹೊಗೆಯಾಡುವವರೆಗೆ ಕಾದು
ಒಮ್ಮೆಲೇ ಸುರಿಯುತ್ತಾಳೆ. ಚೊಂಯ್!
ಮೇಲಿನ ಮಹಡಿಯಲ್ಲಿ ಯಾರೋ ಸೀನುತ್ತಾರೆ.

ಆ ಕಥೆ ಹೇಳುವುದು
ಕೈಗೆ ಕೆಲಸವಿದ್ದಾಗ ಮಾತ್ರ.
ಮೂವತ್ತೇಳನೇ ಇಸವಿ. ದನ ಸಾಗಿಸುವ ಬೋಗಿ.
ಕಡಲ ಸೀಮೆಯಿಂದ ಪಡುವಣಕ್ಕೆ ಒಂದು ತಿಂಗಳು.
ಅವಳಿಗೆ ಆರು. ತಮ್ಮನಿಗೆ ಒಂದು.
ಅವನು ದಾರಿಯಲ್ಲೇ...
ಇಲ್ಲಿಗೆ ಬಂದಾಗ ಪ್ರತಿಸಲವೂ ಅಮೇ,
ಎಣ್ಣೆ ಕಾಯಿತಾ ನೋಡು, ಎನ್ನುತ್ತಾಳೆ.

ಇಳಿಸಿದಲ್ಲಿ ಜೊಂಡು, ನೆಲ ತೋಡಿ ಮಾಡಿಕೊಂಡ ಬಿಲ.
ಎಲೆಕೋಸು ಇಲ್ಲ.
ಎಲೆಕೋಸಿಲ್ಲದೆ ಚಳಿಗಾಲ ದಾಟುವುದು ಹೇಗೆಂದು
ಅವಳ ತಾಯಿಗೆ ಯಾರೂ ಕಲಿಸಿರಲಿಲ್ಲ.
ಪಕ್ಕದ ಉಜ್ಬೆಕ್ ಹೆಂಗಸು ಮಸ್ತೂರಾ
(ಮಾತು ತಿಳಿಯದು, ನಕ್ಕಳೂ ಇಲ್ಲ)
ಬೋಗುಣಿ ತುಂಬ ಬಿಸಿ ಸಾರು ತಂದು
ಮೇಲೊಂದು ರೊಟ್ಟಿ ಮುಚ್ಚಿ ಬಾಗಿಲಲ್ಲಿಟ್ಟು ಹೋದಳು.
ಕುಡಿದಾಯಿತು. ತೊಳೆದಾಯಿತು.
ಬರಿದಾಗಿ ಮರಳಿಸುವುದುಂಟೆ?
ಮನೆಯಲ್ಲಿದ್ದದ್ದು ನಾಲ್ಕು ಗಜ್ಜರಿ.
ಎಲೆಕೋಸಿಗೆ ಏನೇನು ಮಾಡುತ್ತಿದ್ದಳೋ
ಅದನ್ನೆಲ್ಲ ಅವುಗಳಿಗೆ ಮಾಡಿದಳು,
ಇದ್ದಬದ್ದ ಉಪ್ಪಿನಲ್ಲಿ, ಖಾರದಲ್ಲಿ.
ವಾರ ಕಳೆದು ಬೋಗುಣಿ ಮತ್ತೆ ಬಂತು.
ತಳದಲ್ಲಿ ಒಂದು ಹಿಡಿ ಕೊತ್ತಂಬರಿ ಬೀಜ.
ತಿಂದವಳಿಗೆ ಏನೋ ಕಡಿಮೆ ಅನ್ನಿಸಿರಬೇಕು.

ಕಳೆದ ಮಾಗಿಯಲ್ಲಿ ಸಿಯೋಲ್‌ನಿಂದ ಬಂದ,
ಕಾರು ಕಾರ್ಖಾನೆಯ ಎಂಜಿನಿಯರು ನಮ್ಗುಂಗ್.
ಸೊಂಟ ಬಗ್ಗಿಸಿ ಅಮೇಗೆ ವಂದಿಸಿ
ಗಾಜಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟ.
ಅಸಲಿ ಎಲೆಕೋಸು. ಅವನ ತಾಯಿ ಹಾಕಿದ್ದು.
ವಿಮಾನದಲ್ಲಿ, ಅವನ ತೊಡೆಯ ಮೇಲೆ ಕೂತು ಬಂದದ್ದು.
ಚಿಮ್ಚಿ, ಎಂದಳು ಅಮೇ.
ಕಿಮ್ಚಿ, ಎಂದು ಮೆಲ್ಲಗೆ ತಿದ್ದಿದ ಅವನು.
ನಾವೆಲ್ಲ ಅವಳ ಮುಖವನ್ನೇ ನೋಡುತ್ತ ಕೂತೆವು.
ಅರವತ್ತು ವರ್ಷ ಹಿಂದಿನ ರುಚಿ, ಅತ್ತೇ ಅಳುತ್ತಾಳೆಂದು
ಅಪ್ಪ ಕರವಸ್ತ್ರ ಮಡಚಿ ಹಿಡಿದಿದ್ದ.
ಅವಳು ಅಗಿದಳು.
ನುಂಗಿದಳು. ನೀರು ಕುಡಿದಳು.
"ಚೆನ್ನಾಗಿದೆಯಪ್ಪಾ.
ಕೊತ್ತಂಬರಿ ಹಾಕುವುದು ಮರೆತಿದ್ದಾರೆ ನಿಮ್ಮಮ್ಮ."

ಅವನ ತಟ್ಟೆಗೆ ಗಜ್ಜರಿ ಬಡಿಸಿದೆ.
ಇದೇನು, ಎಂದ. ಚಿಮ್ಚಿ, ಎಂದೆವು ಎಲ್ಲರೂ.
ಎರಡನೇ ಸಲ ಬಡಿಸಿಕೊಳ್ಳುವಾಗ
ಅವನು ತಿದ್ದಲಿಲ್ಲ.

ನಡುರಾತ್ರಿ ಅಡುಗೆಮನೆಯಲ್ಲಿ ದೀಪ.
ಅಮೇ ಒಬ್ಬಳೇ, ನಿಂತೇ,
ಬೆರಳಲ್ಲಿ ಬಾಚಿ ಬಾಚಿ ತಿನ್ನುತ್ತಿದ್ದಳು
ಆ ಡಬ್ಬಿಯನ್ನು, ತಳದ ಕೆಂಪು ರಸದವರೆಗೂ.
ನನ್ನನ್ನು ಕಂಡಳು.
ಬಾಯಿ ಒರೆಸಿಕೊಂಡಳು, ಬಹಳ ಹೊತ್ತು.
ಆಮೇಲೆ ಡಬ್ಬಿ ನನ್ನ ಕೈಗಿಟ್ಟು,
"ತೊಳಿ. ನಾಳೆ ಅವನಿಗೆ ಕೊಡಬೇಕು.
ಬುಟ್ಟಿಯಲ್ಲಿ ಗಜ್ಜರಿ ಎಷ್ಟಿದೆ, ನೋಡು."